ದೊಡ್ಡ ಅಕ್ಷರದ ಕನ್ನಡ ಬೈಬಲ್: ಒಂದು ವರ್ಷ ಓದಿದ ಮೇಲೆ

ಕಳೆದ ವರ್ಷ ದಾವಣಗೆರೆಯಲ್ಲಿ ಅಮ್ಮನಿಗೆ ಅಂತ ತಂದ ಬೈಬಲ್ ಇದು. ಈಗ ಜಾಸ್ತಿ ಹೊತ್ತು ನನ್ನ ಕೈಯಲ್ಲೇ ಇರುತ್ತದೆ, ಅಮ್ಮನಿಗೂ ನಾನೇ ಓದಿ ಹೇಳುತ್ತೇನೆ. ಅಕ್ಷರ ತುಂಬಾ ಚೆನ್ನಾಗಿದೆ. ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಾಣುತ್ತವೆ, ಕರೆಂಟ್ ಹೋದರೆ ಮೊಬೈಲ್ ಬೆಳಕಲ್ಲೂ ಓದಬಹುದು. ತೂಕ ಮಾತ್ರ ಜಾಸ್ತಿ, ಮಲಗಿಕೊಂಡು ಹಿಡಿಯೋಕೆ ಆಗಲ್ಲ. ಹಾಳೆ ತೆಳು. ಪೆನ್ನಲ್ಲಿ ಗೆರೆ ಎಳೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಪೆನ್ಸಿಲ್ ಬಳಸಿ.

ನನಗೆ ಉಪಯೋಗಕ್ಕೆ ಬಂದಿದ್ದು ಪುಟದ ಅಂಚಿನ ಖಾಲಿ ಜಾಗ. ಓದಿದ ವಚನದ ಪಕ್ಕ ತಾರೀಖು ಹಾಕಿ, ಅವತ್ತು ಏನು ಮಾಡಬೇಕು ಅನ್ನಿಸಿತೋ ಅದನ್ನು ಒಂದು ಪದದಲ್ಲಿ ಬರೆಯುತ್ತೇನೆ. ಯೋಹಾನ 2ನೇ ಅಧ್ಯಾಯದ ಪಕ್ಕ "ಅಣ್ಣ" ಅಂತ ಇದೆ.

ಅಣ್ಣ ಇರುವುದು ಚಿತ್ರದುರ್ಗದಲ್ಲಿ. ಅಪ್ಪನ ಮನೆ ವಿಷಯಕ್ಕೆ ನಾವಿಬ್ಬರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ದಿನಾ ರಾತ್ರಿ ಪ್ರಾರ್ಥನೆಯಲ್ಲಿ "ನಿನ್ನ ಚಿತ್ತ ನೆರವೇರಲಿ" ಅನ್ನುತ್ತಿದ್ದೆ. ದೇವರ ಚಿತ್ತವಿದ್ದರೆ ಅಣ್ಣನೇ ನನಗೆ ಫೋನ್ ಮಾಡುತ್ತಾನೆ ಅಂತ ಅಮ್ಮನಿಗೂ ಹೇಳುತ್ತಿದ್ದೆ.

ಅವತ್ತು ನಲ್ಲಿ ನೀರು ಬಂದ ದಿನ. ಬೆಳಿಗ್ಗೆ ಐದಕ್ಕೇ ಎದ್ದು ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿ, ಸೊಂಟ ನೋವಲ್ಲೇ ಕೂತು ಅದೇ ಯೋಹಾನ 2ನೇ ಅಧ್ಯಾಯ, ಗಲಿಲಾಯದ ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಯೇಸುಸ್ವಾಮಿ ನೀರನ್ನೇ ದ್ರಾಕ್ಷಾರಸ ಮಾಡಿದ ಕಥೆ ಓದಿದೆ. ಆರು ಕಲ್ಲಿನ ಬಾನಿಗಳು. ಈಗಿನ ಲೆಕ್ಕದಲ್ಲಿ ಒಂದೊಂದಕ್ಕೆ ಸುಮಾರು 75ರಿಂದ 115 ಲೀಟರ್ ಹಿಡಿಯುತ್ತದೆ, ಅಂದರೆ ಆರೂ ತುಂಬಲು ನಮ್ಮ 15 ಲೀಟರ್ ಕೊಡದಲ್ಲಿ 30ರಿಂದ 46 ಕೊಡ ನೀರು ಬೇಕು. ಪೈಪಿಲ್ಲ, ಮೋಟಾರಿಲ್ಲ. ಯೇಸುಸ್ವಾಮಿ ಖಾಲಿ ಬಾನಿಯಲ್ಲೇ ದ್ರಾಕ್ಷಾರಸ ಬರಿಸಬಹುದಿತ್ತು ಅಲ್ವಾ? ಆದರೂ ಆಳುಗಳಿಗೆ ನೀರು ತುಂಬಿಸಿ ಅಂದರು. ಆಳುಗಳು ಅಂಚಿನವರೆಗೂ ತುಂಬಿಸಿದರು. ನೀರನ್ನು ದ್ರಾಕ್ಷಾರಸ ಮಾಡುವುದು ಅವರ ಕೈಲಿರಲಿಲ್ಲ, ನೀರು ಹೊರುವುದು ಇತ್ತು.

ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ 2:12-13 ತೆಗೆದೆ. ನಿಮ್ಮ ರಕ್ಷಣೆಯನ್ನು ನೀವು ಭಯಭಕ್ತಿಯಿಂದ ಸಾಧಿಸಿಕೊಳ್ಳಿ ಅನ್ನುವ ಪೌಲ, ಹಿಂದೆಯೇ, ಆ ಮನಸ್ಸನ್ನೂ ಆ ಕೆಲಸವನ್ನೂ ನಿಮ್ಮಲ್ಲಿ ಹುಟ್ಟಿಸುವವನು ದೇವರೇ ಅನ್ನುತ್ತಾನೆ. ಎರಡೂ ಒಟ್ಟಿಗೆ ಇದೆ. ನಾನು ಎರಡು ವರ್ಷ ಎರಡನೆಯದನ್ನೇ ಹಿಡಿದು ಸುಮ್ನೆ ಕೂತಿದ್ದೆ. ಅಣ್ಣನ ಜೊತೆ ಮಾತಾಡಬೇಕು ಅಂತ ಒಳಗೆ ಚುಚ್ಚುತ್ತಿತ್ತಲ್ಲ, ಅದನ್ನು ಹುಟ್ಟಿಸಿದ್ದೂ ದೇವರೇ ಅಂತ ಹೊಳೆದೇ ಇರಲಿಲ್ಲ.

ಆ ಭಾನುವಾರ ಆರಾಧನೆ ಮುಗಿಸಿ ದುರ್ಗದ ಬಸ್ ಹತ್ತಿದೆ. ಅಣ್ಣ ಬಾಗಿಲು ತೆಗೆದ, ಅತ್ತಿಗೆ ಟೀ ಕೊಟ್ಟರು. ಮನೆ ವಿಷಯ ಯಾರೂ ಎತ್ತಲಿಲ್ಲ, ಅದು ಇನ್ನೂ ಬಗೆಹರಿದಿಲ್ಲ. ಆದರೆ ಈಗ ಅಮ್ಮನಿಗೆ ಫೋನ್ ಮಾಡಿದಾಗ "ಅವಳಿಗೂ ಕೊಡಮ್ಮಾ" ಅನ್ನುತ್ತಾನೆ.

ಒಂದು ದೂರಿದೆ. ಜಿಪ್ ಕವರ್ ಆರು ತಿಂಗಳಿಗೇ ಕೈಕೊಟ್ಟಿತು, ಬ್ಯಾಗ್ ರಿಪೇರಿಯವರ ಹತ್ತಿರ ಬೇರೆ ಜಿಪ್ ಹಾಕಿಸಿದೆ. ಅಂಗಡಿಯಲ್ಲೇ ನಾಲ್ಕು ಸಲ ಎಳೆದು ನೋಡಿ ತಗೊಳ್ಳಿ. ಮನೆಯಲ್ಲಿ ಇಬ್ಬರು ಓದುವವರಿದ್ದರೆ ಎರಡು ರಿಬ್ಬನ್ ಇರುವುದನ್ನೇ ಕೇಳಿ. ಇದರಲ್ಲಿ ಒಂದೇ ಇದೆ, ಅದು ಅಮ್ಮನಿಗೆ ಓದುವ ಕೀರ್ತನೆಗಳ ಪುಟದಲ್ಲಿ ಇರುತ್ತದೆ. ನನ್ನ ಪುಟಕ್ಕೆ ದುರ್ಗದ ಆ ಬಸ್ ಟಿಕೆಟ್ ಇಟ್ಟುಕೊಂಡಿದ್ದೇನೆ.