ಮಕ್ಕಳ ಗೊಂಬೆಯಾಟ ಕಮ್ಮಟ: ತಯಾರಿಕೆ ಸೊಗಸು, ಆಟಕ್ಕೆ ಸಮಯ ಸಾಲದು

ಹಾಸನ ಜಿಲ್ಲೆಯ ಶಾಲೆಗಳಿಗೆ ತಾವೇ ಬಂದು ಗೊಂಬೆ ಮಾಡುವುದನ್ನೂ ಆಡಿಸುವುದನ್ನೂ ಕಲಿಸಿಕೊಡುವ ಕಲಾವಿದರ ತಂಡವೊಂದನ್ನು ಈ ಮಳೆಗಾಲದಲ್ಲಿ ಆಲೂರು ತಾಲ್ಲೂಕಿನ ನಮ್ಮ ಹಿರಿಯ ಪ್ರಾಥಮಿಕ ಶಾಲೆಗೆ ಕರೆಸಿದ್ದೆವು. ಆರು ಮತ್ತು ಏಳನೆಯ ತರಗತಿಯವರಿಗಾಗಿ ನಡೆದ ಆ ಕಮ್ಮಟದಲ್ಲಿ ಮಕ್ಕಳ ಜೊತೆಗೇ ಇದ್ದ ಶಿಕ್ಷಕಿಯಾಗಿ, ಮುಂದೆ ಕರೆಸಲಿರುವ ಶಾಲೆಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಕೈಗೊಂಬೆಯ ತಯಾರಿಕೆಯನ್ನು ಅವರು ಕಲಿಸಿದ ಕ್ರಮ ಬಹಳ ಚೆನ್ನಾಗಿದೆ. ಗೊಂಬೆಯ ತಲೆಗಾಗಿ ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ, ದಾರ ಸುತ್ತಿ, ಮೈದಾ ಅಂಟಿನಲ್ಲಿ ಅದ್ದಿದ ಕಾಗದದ ಚೂರುಗಳನ್ನು ಅದರ ಮೇಲೆ ಪದರ ಪದರವಾಗಿ ಹಚ್ಚಿಸಿದರು. ಕತ್ತರಿಸಿದ ಕಾಗದದ ಅಂಚು ಎದ್ದು ಕಾಣುತ್ತದೆ, ಕೈಯಿಂದ ಹರಿದದ್ದು ಒಂದರೊಳಗೊಂದು ಬೆರೆತುಹೋಗುತ್ತದೆ ಎಂಬುದನ್ನು ಹೇಳಿ ಮುಗಿಸದೆ, ಎರಡನ್ನೂ ಮಕ್ಕಳಿಂದಲೇ ಮಾಡಿಸಿ ತೋರಿಸಿದರು. ಒಂದು ಪದರಕ್ಕೆ ಪತ್ರಿಕೆಯ ಹಾಳೆ, ಮುಂದಿನದಕ್ಕೆ ಬಿಳಿ ಹಾಳೆ ಬಳಸಿದ್ದರಿಂದ ಎಲ್ಲಿ ಹಚ್ಚುವುದು ಬಿಟ್ಟುಹೋಗಿದೆ ಎಂಬುದು ಮಗುವಿಗೇ ತಿಳಿಯುತ್ತಿತ್ತು. ಕುತ್ತಿಗೆಯ ರಟ್ಟಿನ ಕೊಳವೆಯನ್ನು ಪ್ರತಿಯೊಬ್ಬರ ತೋರುಬೆರಳಿನ ಅಳತೆಗೇ ಸುತ್ತಿಸಿದ್ದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಕೊಳವೆ ಸಡಿಲವಾದರೆ ತಲೆ ವಾಲುತ್ತದೆ, ತಲೆ ವಾಲಿದ ಗೊಂಬೆ ಯಾರ ಕಡೆಗೂ ನೋಡಲಾರದು. ಹುಳು ಹಿಡಿಯದಿರಲೆಂದು ಅಂಟಿಗೆ ಬೆರೆಸುವ ಮೈಲುತುತ್ತ ವಿಷವಾದ್ದರಿಂದ ಅದನ್ನು ಮಕ್ಕಳ ಬಳಿಗೆ ತಾರದಿದ್ದುದೂ ಸರಿಯಾದ ನಿರ್ಧಾರವೇ.

ಆದರೆ ಜುಲೈ ತಿಂಗಳಲ್ಲಿ ನಮ್ಮ ಕಡೆ ಕಾಗದದ ತಲೆ ಒಣಗುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ತೇವ ಉಳಿದು, ಬಣ್ಣ ಹಚ್ಚಿದ ಮೇಲೆ ಹಲವು ಗೊಂಬೆಗಳಿಗೆ ಬೂಷ್ಟು ಹಿಡಿಯಿತು. ಬಿಸಿಯೂಟದ ಅಡುಗೆಮನೆಯಲ್ಲಿ ಒಲೆಯ ಬಳಿ ಇಟ್ಟು ಕೆಲವನ್ನು ಉಳಿಸಿಕೊಂಡೆವು. ದಿನ ಗೊತ್ತುಮಾಡುವಾಗಲೇ ತಂಡದವರು ಇದನ್ನು ಹೇಳಬೇಕಿತ್ತು.

ನೆರಳುಗೊಂಬೆಯ ಪಾಠದಲ್ಲಿ ಈ ತೊಂದರೆ ಇರಲಿಲ್ಲ. ತೊಗಲುಗೊಂಬೆಯನ್ನು ಮೇಕೆಯ ಚರ್ಮವನ್ನು ಹದಮಾಡಿ, ಬಣ್ಣ ತುಂಬಿ, ಸಣ್ಣ ರಂಧ್ರಗಳನ್ನು ಕೊರೆದು ಮಾಡುತ್ತಾರೆಂದು ವಿವರಿಸಿ, ಮಕ್ಕಳಿಗೆ ಡ್ರಾಯಿಂಗ್ ಹಾಳೆ, ಬಣ್ಣದ ಜಿಲೇಟಿನ್ ಕಾಗದ, ಬಿದಿರಿನ ಕಡ್ಡಿ ಕೊಟ್ಟರು. ಬಿಳಿ ಪಂಚೆಗೆ ಒತ್ತಿ ಹಿಡಿದ ಗೊಂಬೆಯ ನೆರಳು ಸ್ಪಷ್ಟವಾಗಿರುತ್ತದೆ, ಬಲ್ಬಿನ ಕಡೆಗೆ ಸರಿಸಿದಷ್ಟೂ ದೊಡ್ಡದಾಗಿ ಮಸುಕಾಗುತ್ತದೆ ಎಂಬುದನ್ನು ಮಕ್ಕಳು ಆಡಿಸುತ್ತಲೇ ಕಂಡುಕೊಂಡರು. ವಿಜ್ಞಾನದ ತರಗತಿಯಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಇದನ್ನು ಇಷ್ಟು ಚೆನ್ನಾಗಿ ಕಲಿಸಲು ನನಗೆ ಸಾಧ್ಯವಾಗಿರಲಿಲ್ಲ.

ಆಟದ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಸ್ವಚ್ಛತೆಯನ್ನು ಕುರಿತ ಸಿದ್ಧ ಸಂಭಾಷಣೆಯೊಂದನ್ನು ತಂಡದವರು ತಂದಿದ್ದರು. ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸಿದರು. ಕಾಫಿ ತೋಟಕ್ಕೆ ಬರುವ ಕಾಡಾನೆಯ ಕಥೆ ಮಾಡೋಣವೆಂದು ಅವರೇ ಕೇಳಿದಾಗ, ಆಲೂರು, ಸಕಲೇಶಪುರದ ಕಡೆಯ ಪ್ರತಿ ಮನೆಗೂ ಗೊತ್ತಿರುವ ಆ ಭಯ, ಪಟಾಕಿಯ ಸದ್ದು, ಅರಣ್ಯ ಇಲಾಖೆಯವರ ಓಡಾಟ ಎಲ್ಲವೂ ಮನೆಮಾತಿನಲ್ಲೇ ಸರಾಗವಾಗಿ ಬಂದವು. ಬಲ್ಬಿನ ಹತ್ತಿರದಿಂದ ಪರದೆಯ ಕಡೆಗೆ ಆನೆಯನ್ನು ತಂದರೆ ಮಂಜಿನಿಂದ ಹೊರಬಂದಂತೆ ಕಾಣುತ್ತದೆಂದು ಸೂಚಿಸಿದವರೂ ಮಕ್ಕಳೇ. ಆದರೆ ಮಾತಾಡುವ ಗೊಂಬೆ ಮಾತ್ರ ಅಲುಗಬೇಕು, ಉಳಿದವು ಅದರತ್ತ ತಿರುಗಿ ಸುಮ್ಮನೆ ಕೇಳಬೇಕು ಎಂಬ ಮೂಲಪಾಠವನ್ನು ತಂಡದವರು ಹೇಳಿಕೊಟ್ಟದ್ದು ಕೊನೆಯ ಗಂಟೆಯಲ್ಲಿ. ಅಷ್ಟರಲ್ಲಿ ಎತ್ತಿ ಹಿಡಿದ ಪುಟ್ಟ ತೋಳುಗಳು ಸೋತಿದ್ದವು, ಪೋಷಕರು ಬಂದು ಕುಳಿತಿದ್ದರು.

ಕಲಾವಿದರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ, ನಾವು ಅವರನ್ನು ಮತ್ತೆ ಕರೆಸುತ್ತೇವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿ 1979ರಿಂದ ಇರುವ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು (ಸಿಸಿಆರ್‌ಟಿ) ಶಿಕ್ಷಕರಿಗೆ ಗೊಂಬೆಯಾಟದ ತರಬೇತಿ ನೀಡುತ್ತದೆ; ಅಲ್ಲಿ ಕಲಿತು ಬಂದ ಶಿಕ್ಷಕರಿರುವ ಶಾಲೆಗಳು ಜನವರಿಯ ಬಿಸಿಲಿನಲ್ಲಿ ತಲೆಗಳನ್ನು ತಾವೇ ಮಾಡಿಸಿ ಒಣಗಿಸಿಟ್ಟುಕೊಂಡು, ತಂಡದವರ ಇಡೀ ಸಮಯವನ್ನು ಆಟಕ್ಕೇ ಕೇಳಿ ಪಡೆಯುವುದು ಒಳ್ಳೆಯದು.