ಹೇನಿಗೆ ಲೋಶನ್ನೋ, ಸೀರಣಿಗೆಯೋ?

ಆಟಿಯ ಮಳೆ ಜೋರಾಗಿದ್ದಾಗ ಒಂದನೇ ಕ್ಲಾಸಿನ ಮಗಳು ತಲೆ ಕೆರೆದುಕೊಳ್ಳುತ್ತಾ ಶಾಲೆಯಿಂದ ಬಂದಳು. ಕಿವಿಯ ಹಿಂದೆ ಕೂದಲು ಸರಿಸಿ ನೋಡಿದರೆ ಬುಡಕ್ಕೇ ಅಂಟಿಕೊಂಡ ಸೀರು. ಆಮೇಲಿನ ಒಂದೂವರೆ ತಿಂಗಳಲ್ಲಿ ಮೂರು ದಾರಿ ನೋಡಿದೆ. ನನಗೆ ಒಗ್ಗಿದ್ದು ಸ್ಟೀಲಿನ ಸೀರಣಿಗೆ.

ಮೊದಲು ತಂದದ್ದು ಹೇನು ಕೊಲ್ಲುವ ಮದ್ದು, ಪರ್ಮೆಥ್ರಿನ್ 1% ಲೋಶನ್. ಕಾಸರಗೋಡಿನ ಬದಿಯಡ್ಕ ಪೇಟೆಯ ಔಷಧದಂಗಡಿಯಲ್ಲಿ ಮಲಯಾಳದಲ್ಲಿ ಅವಸರವಾಗಿ ಹೇಳಿದ್ದರಲ್ಲಿ ನನಗೆ ತಿಳಿದದ್ದು ‘ಹತ್ತು ನಿಮಿಷ ಬಿಟ್ಟು ತೊಳೆಯಿರಿ’ ಎಂಬುದಷ್ಟೆ. ಒಳಗಿನ ಚೀಟಿ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರ. ನಮ್ಮಲ್ಲಿ ಮಕ್ಕಳ ತಲೆಗೆ ತೆಂಗಿನೆಣ್ಣೆ ಹಾಕದ ದಿನವಿಲ್ಲ. ಆ ಎಣ್ಣೆತಲೆಗೇ ಲೋಶನ್ ಹಚ್ಚಿದೆ. ಮೂರನೇ ದಿನ ನೋಡಿದರೆ ಹೇನು ಹಾಗೇ ಓಡಾಡುತ್ತಿವೆ. ಮದ್ದೇ ಸರಿಯಿಲ್ಲವೆಂದು ಸಿಟ್ಟು ಬಂತು. ಆಮೇಲೆ ಭಾವನ ಮಗಳು ಚೀಟಿ ಓದಿ ಹೇಳಿದಳು: ಮೊದಲು ಕಂಡಿಷನರ್ ಇಲ್ಲದ ಶ್ಯಾಂಪೂವಿನಿಂದ ತೊಳೆದು, ಟವೆಲಿನಲ್ಲಿ ಒರೆಸಿ, ಆಮೇಲೆ ಹಚ್ಚಬೇಕು. ಕೂದಲಿಗೆ ಜಿಡ್ಡು ಮೆತ್ತಿಕೊಂಡಿದ್ದರೆ ಮದ್ದು ಹಿಡಿಯುವುದಿಲ್ಲ. ಎರಡನೇ ಬಾಟಲಿ ತಂದೆ. ಈ ಸಲ ಹೇನು ಸತ್ತವು, ಸೀರು ಎಲ್ಲವೂ ಸಾಯಲಿಲ್ಲ. ಉಳಿದವು ವಾರ ಹತ್ತು ದಿನದಲ್ಲಿ ಒಡೆಯುತ್ತವೆ, ಹಾಗಾಗಿ ಒಂಬತ್ತನೇ ದಿನ ಮತ್ತೆ ಹಚ್ಚಬೇಕಾಯಿತು. ಉದ್ದ ಕೂದಲಿಗೆ ಒಂದು ಸಲಕ್ಕೆ ಒಂದು ಬಾಟಲಿಯೇ ಬೇಕು.

ಸೀತಾಫಲದ ಬೀಜ ಅರೆದು ಹಚ್ಚುವುದು ಅತ್ತೆಯ ಕಾಲದ ಪದ್ಧತಿ. ಮಕ್ಕಳಿಗೆ ಬೇಡವೇ ಬೇಡ. ನೀರಿನ ಜೊತೆ ಕಣ್ಣಿಗೆ ಇಳಿದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೇ (ಕಾರ್ನಿಯಾ) ಗಾಯವಾಗಬಹುದು. ನಾನು ಅಂಗೈಯಲ್ಲಿ ಅರೆದು ನೋಡಿ, ಕೈ ಉರಿದಾಗಲೇ ಬಿಟ್ಟುಬಿಟ್ಟೆ.

ಸೀರಣಿಗೆಗಾದರೆ ಲೋಶನ್ನಿಗೆ ಅಡ್ಡಿಯಾದ ಆ ತೆಂಗಿನೆಣ್ಣೆಯೇ ಅನುಕೂಲ. ಎಣ್ಣೆ ಹಾಕಿ ಸಿಕ್ಕು ಬಿಡಿಸಿ, ಬುಡದಿಂದ ತುದಿಯವರೆಗೆ ಸ್ವಲ್ಪ ಸ್ವಲ್ಪವೇ ಕೂದಲು ಹಿಡಿದು ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸುವುದು. ಲೋಶನ್ ಡಬ್ಬಿಯಲ್ಲಿದ್ದ ಪ್ಲಾಸ್ಟಿಕ್ಕಿನದು ಹಲ್ಲು ಬಾಗಿ ಸೀರನ್ನು ಬಿಟ್ಟುಬಿಡುತ್ತಿತ್ತು. ಕುಂಬಳೆಯಲ್ಲಿ 120 ರೂಪಾಯಿ ಕೊಟ್ಟು ತಂದ ಸ್ಟೀಲಿನದು ಸೀರನ್ನೂ ಎಳೆದು ತರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ. ಒಂದು ಸಲಕ್ಕೆ ಅರ್ಧ ಗಂಟೆ ಬೇಕು, ಮಗು ಕೂರಬೇಕು. ನಾನು ಮನೆಯಲ್ಲೇ ಇರುವವಳು, ಸಂಜೆ ಜಗಲಿಯಲ್ಲಿ ಕತೆ ಹೇಳುತ್ತಾ ಬಾಚುತ್ತೇನೆ. ಕೆಲಸಕ್ಕೆ ಹೋಗುವವರಿಗೆ ಲೋಶನ್ನೇ ಸುಲಭವಾದೀತು, ತಲೆ ತೊಳೆದು ಹಚ್ಚಿದರೆ.

ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ಶುಚಿಯಾದ ತಲೆಗೂ ಬರುತ್ತದೆ, ಮಗುವನ್ನು ಬೈಯಬೇಡಿ. ಜೊತೆಗೆ ಮಲಗುವವರ ತಲೆಯನ್ನೂ ಅದೇ ದಿನ ನೋಡಿ. ನನ್ನ ತಲೆಯಲ್ಲೂ ನಾಲ್ಕು ಸಿಕ್ಕಿದ್ದವು.