ಫ್ಲೂ ಸುದ್ದಿ ಕೇಳಿ ಗಾಬರಿಬಿದ್ದು ಕ್ರೂಸ್ ಟಿಕೆಟ್ ಕ್ಯಾನ್ಸಲ್ ಮಾಡಬ್ಯಾಡ್ರಿ

ತೊಗರಿ ರಾಶಿ ಮುಗಿದು ಕೈಯಲ್ಲಿ ರೊಕ್ಕ ಆಡುವುದು ಜನವರಿ, ಫೆಬ್ರುವರಿಯಲ್ಲಿ. ಮೇ ತಿಂಗಳ ಬಿಸಿಲಿಗೆ ಕಲಬುರಗಿಯಲ್ಲಿ ಯಾರು ಕೂಡುತ್ತಾರೆ ಅಂತ ಹೈದರಾಬಾದಿನಿಂದ ಸಿಂಗಾಪುರ ವಿಮಾನ, ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ (ಹಡಗಿನ ಪ್ರವಾಸ) ಬುಕ್ ಆಗುವುದೂ ಅದೇ ಹೊತ್ತಿನಲ್ಲಿ. ನಮ್ಮ ದೇಶದಲ್ಲಿ ಎಚ್1ಎನ್1 ಫ್ಲೂ (ಹಂದಿಜ್ವರ) ಏರುವುದೂ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಹಾಗಾಗಿ ಕೆಟ್ಟ ಸುದ್ದಿ ಬರುವುದು ರೊಕ್ಕ ಕೊಟ್ಟ ಮೇಲೆ, ಹಡಗು ಹತ್ತುವುದಕ್ಕೆ ಮೊದಲು.

ಕೋವಿಡ್ ಬಂದ 2020ರಲ್ಲಿ ಏನಾಯಿತು ನೋಡ್ರಿ. ಫೆಬ್ರುವರಿ 27ಕ್ಕೆ ಸೌದಿ ಸರ್ಕಾರ ಹೊರದೇಶದವರಿಗೆ ಮೆಕ್ಕಾದ ಉಮ್ರಾ ಯಾತ್ರೆ ನಿಲ್ಲಿಸಿತು. ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ಆಯಿತು. ಮಾರ್ಚ್ 25ರಿಂದ ದೇಶದೊಳಗಿನ ವಿಮಾನಗಳೂ ನಿಂತವು. ಅಷ್ಟರೊಳಗೆ ಹೆದರಿ ತಾವಾಗಿ ಕ್ಯಾನ್ಸಲ್ ಒತ್ತಿದವರು ಮಾಮೂಲಿ ಕ್ಯಾನ್ಸಲೇಶನ್ ಚಾರ್ಜಿನ ಬಾಯಿಗೆ ಬಿದ್ದರು. ಕಂಪನಿಯೇ ವಿಮಾನ ರದ್ದು ಮಾಡಿದಾಗಲೂ ಬಹಳ ಮಂದಿಗೆ ಮೊದಲು ಸಿಕ್ಕಿದ್ದು ರೊಕ್ಕ ಅಲ್ಲ, ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟಿಗೆ ಮಾತ್ರ ಬಳಸಬಹುದಾದ ಜಮೆ. ಆ ವರ್ಷದ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ರೀಫಂಡಿಗೆ ದಾರಿಯಾಯಿತು. ಅದರಲ್ಲೂ ಏಜೆಂಟ್ ಮೂಲಕ ಮಾಡಿಸಿದ್ದರೆ ರೊಕ್ಕ ಏಜೆಂಟ್ ಕೈ ದಾಟಿಯೇ ಬರಬೇಕು.

ಯಾರು ಮೊದಲು ರದ್ದು ಮಾಡಿದರು ಅನ್ನುವುದರ ಮೇಲೆ ಲೆಕ್ಕ ನಿಂತಿದೆ. ನೀವು ಮಾಡಿದರೆ ಕರಾರಿನ ಸ್ಲ್ಯಾಬ್ (ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ಅನ್ನುವ ಹಂತ) ಪ್ರಕಾರ ಕಡಿತ, ಅವರು ಮಾಡಿದರೆ ರೀಫಂಡ್ ಕೇಳುವ ಹಕ್ಕು ನಿಮಗೆ. ಹಾಗಂತ ಕಣ್ಣುಮುಚ್ಚಿ ಕಾಯುವುದೂ ತಪ್ಪು. ಹೊರಡುವ ದಿನ ಹತ್ತಿರಾದಂತೆ ಕಡಿತ ಏರುತ್ತ ಹೋಗಿ ಕೊನೆಗೆ ನೂರಕ್ಕೆ ನೂರು ಆಗುತ್ತದೆ. ಸ್ಲ್ಯಾಬ್ ಬದಲಾಗುವ ದಿನಗಳನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ರಿ. ಆ ದಿನಕ್ಕೆ ಎರಡು ಮೂರು ದಿನ ಇರುವಾಗಲೇ ‘ರದ್ದು ಬೇಡ, ತಾರೀಖು ಮುಂದೂಡಿ ಕೊಡಿ’ ಅಂತ ಈಮೇಲ್ ಹಾಕ್ರಿ. ಫೋನಿನಲ್ಲಿ ‘ಆಯ್ತು ಸರ್, ಮಾಡೋಣ’ ಅಂದ ಮಾತಿಗೆ ಕಿಮ್ಮತ್ತಿಲ್ಲ.

ಇನ್ನೊಂದು ಪೆಟ್ಟು ಬಿಡಿಬಿಡಿಯಾಗಿ ಬುಕ್ ಮಾಡಿದವರಿಗೆ. ವಿಮಾನ ಒಬ್ಬರ ಹತ್ತಿರ, ಕ್ರೂಸ್ ಇನ್ನೊಬ್ಬರ ಹತ್ತಿರ, ಹೋಟೆಲ್ ಮತ್ತೊಂದು ಆ್ಯಪಿನಲ್ಲಿ. ಹಡಗು ರದ್ದಾದರೂ ವಿಮಾನ ಹಾರುತ್ತಿದ್ದರೆ ವಿಮಾನದವರು ಪೂರ್ತಿ ರೊಕ್ಕ ಕೊಡುವುದಿಲ್ಲ. ಅವರ ಕಡೆಯಿಂದ ತಪ್ಪೇ ಆಗಿಲ್ಲವಲ್ಲ! ಒಂದೇ ಪ್ಯಾಕೇಜ್ ತಗೊಂಡರೆ ಈ ತಂಟೆ ಕಡಿಮೆ. ಆದರೆ ಪ್ಯಾಕೇಜಿಗೆ ಟಿಸಿಎಸ್ (ಮಾರುವವರೇ ನಿಮ್ಮಿಂದ ವಸೂಲಿ ಮಾಡುವ ಆದಾಯ ತೆರಿಗೆ) ಕಟ್ಟಿರುತ್ತೀರಿ. ಆ ರೊಕ್ಕ ಆದಾಯ ತೆರಿಗೆ ಇಲಾಖೆಗೆ ಜಮಾ ಆಗಿಬಿಟ್ಟಿದ್ದರೆ ನಿಮ್ಮ ಹೆಸರಿನ ತೆರಿಗೆ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ ತುಂಬುವಾಗ ಪಡೆಯಬೇಕು. ಏಜೆಂಟ್ ಜೊತೆ ಅದಕ್ಕಾಗಿ ಜಗಳ ಆಡಿ ಉಪಯೋಗವಿಲ್ಲ.

ಹಡಗು ಹೊರಟರೂ ಹೇಳಿದ ಊರಿಗೆಲ್ಲ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. 2009ರ ಏಪ್ರಿಲ್ ಕೊನೆಗೆ ಎಚ್1ಎನ್1 ಕಾಣಿಸಿಕೊಂಡಾಗ ದೊಡ್ಡ ಕ್ರೂಸ್ ಕಂಪನಿಗಳು ಮೆಕ್ಸಿಕೋ ಬಂದರುಗಳನ್ನು ಬಿಟ್ಟು ಬೇರೆ ಕಡೆ ತಿರುಗಿದವು. ಬಂದರು ಬದಲಿಸುವ ಅಧಿಕಾರ ಕರಾರಿನಲ್ಲೇ ಇರುತ್ತದೆ. ಹೆಚ್ಚೆಂದರೆ ಆ ಬಂದರಿನ ಶುಲ್ಕ ವಾಪಸ್ ಬಂದೀತು.

ಇನ್ಶೂರೆನ್ಸಿನಲ್ಲಿ ಬಹಳ ಮಂದಿ ಎಡವುವುದು ತಾರೀಖಿನ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ 2009ರ ಫ್ಲೂವನ್ನು ಜಾಗತಿಕ ಪಿಡುಗು ಅಂತ ಘೋಷಿಸಿದ್ದು ಜೂನ್ 11ಕ್ಕೆ. ಮೇ 1ರಂದೇ ಹಾಂಗ್‌ಕಾಂಗಿನ ಒಂದು ಹೋಟೆಲಿಗೆ, ಒಬ್ಬ ಅತಿಥಿಗೆ ಸೋಂಕು ಕಂಡಿತೆಂದು, ಒಳಗಿದ್ದ ಸುಮಾರು 300 ಮಂದಿ ಸಮೇತ ಏಳು ದಿನ ಬೀಗ ಬಿತ್ತು. ಘೋಷಣೆ ಆಗಲಿ, ಆಮೇಲೆ ಪಾಲಿಸಿ ತಗೊಂಡರಾಯಿತು ಅಂತ ಕೂತರೆ ‘ಮೊದಲೇ ಗೊತ್ತಿದ್ದ ಘಟನೆ’ ಅಂತ ಕ್ಲೇಮ್ ತಿರಸ್ಕಾರವಾಗುತ್ತದೆ. ಮುಂಗಡ ಕೊಟ್ಟ ದಿನವೇ ಪಾಲಿಸಿ ಮಾಡಿಸ್ರಿ. ಮಹಾಮಾರಿ ಹೊರತು ಅನ್ನುವ ಸಾಲು ಇದೆಯೋ, ಕ್ವಾರಂಟೈನ್ ಖರ್ಚು ಸೇರಿದೆಯೋ, ಹಡಗಿನ ಮೇಲಿನ ಚಿಕಿತ್ಸೆ ಮತ್ತು ರೋಗಿಯನ್ನು ದಡಕ್ಕೆ ಸಾಗಿಸುವ ಖರ್ಚು ಸೇರಿದೆಯೋ, ಈ ಮೂರನ್ನು ಓದಿದ ಮೇಲೆ ಸಹಿ. ಹೆದರಿಕೆಯಿಂದ ಪ್ರವಾಸ ಬಿಟ್ಟರೆ ಸಾಮಾನ್ಯ ಪಾಲಿಸಿ ಒಂದು ಪೈಸೆ ಕೊಡುವುದಿಲ್ಲ. ಊರಿನ ಆಸ್ಪತ್ರೆಗೆ ಮಾಡಿಸಿದ ಮೆಡಿಕ್ಲೇಮ್ ಸಾಮಾನ್ಯವಾಗಿ ದೇಶದ ಗಡಿಗೇ ನಿಲ್ಲುತ್ತದೆ.

ಫ್ಲೂ ಸೋಂಕು ತಗುಲಿದ ಮೇಲೆ ಒಂದರಿಂದ ನಾಲ್ಕು ದಿನದಲ್ಲಿ ಜ್ವರ ಏಳುತ್ತದೆ, ಏಳುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ. ಹೈದರಾಬಾದ್ ರೈಲಿನಲ್ಲಿ ಹತ್ತಿದ ಸೋಂಕು ಹಡಗಿನ ಮೇಲೆ ಎದ್ದೀತು ಅಂತಾಯಿತು. ಹಡಗು ಹತ್ತುವಾಗ ಆರೋಗ್ಯದ ಫಾರ್ಮ್ ತುಂಬಿಸಿಕೊಳ್ಳಬಹುದು, ಜ್ವರ ನೋಡಬಹುದು. ಪ್ಯಾರಾಸಿಟಮಾಲ್ ನುಂಗಿ ‘ಇಲ್ಲ’ ಅಂತ ಟಿಕ್ ಹಾಕಿ ಒಳಗೆ ಹೋಗುವ ಜಾಣತನ ಬ್ಯಾಡ. ಮರುದಿನ ಹಡಗಿನ ಡಾಕ್ಟರ್ ‘ಎರಡು ದಿನದಿಂದ ಕೆಮ್ಮು’ ಅಂತ ಬರೆದುಕೊಂಡರೆ ಆ ಚೀಟಿಯೇ ನಿಮ್ಮ ಕ್ಲೇಮಿಗೆ ಮುಳ್ಳು.

ಒಳಗೆ ಕಾಯಿಲೆ ಬಿದ್ದರೆ ಕ್ಯಾಬಿನ್ ಬಿಟ್ಟು ಹೊರಗೆ ಬರುವಂತಿಲ್ಲ. ಬಿಲ್ ಡಾಲರಿನಲ್ಲಿ, ನಿಮ್ಮ ಕ್ಯಾಬಿನ್ ಖಾತೆಗೆ ಏರುತ್ತದೆ. ಇಳಿಯುವ ಮೊದಲು ಐಟಂವಾರು ಬಿಲ್ಲು, ಡಾಕ್ಟರ್ ಸಹಿಯ ವರದಿ, ಕ್ಯಾಬಿನ್‌ನಲ್ಲಿ ಇಟ್ಟ ದಿನಗಳ ಪತ್ರ ಮೂರೂ ಕೈಯಲ್ಲಿರಲಿ, ಊರಿಗೆ ಬಂದ ಮೇಲೆ ಅವನ್ನು ತರಿಸುವುದು ಹರಸಾಹಸ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 3,711 ಮಂದಿಯಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು ಕ್ವಾರಂಟೈನಿಗೆ ಬಿತ್ತು, 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅದು ಕೋವಿಡ್, ಫ್ಲೂ ಅಲ್ಲ, ಖರೆ. ಆದರೆ ಕ್ಯಾಬಿನ್ ಒಳಗೇ ಕೂಡಬೇಕಾಗಿ ಬಂದಾಗ ಬಿಪಿ, ಸಕ್ಕರೆ ಗುಳಿಗೆ ಮುಗಿದವರಿಗೆ ಎರಡೂ ಒಂದೇ. ಹದಿನೈದು ದಿನಕ್ಕಾಗುವಷ್ಟು ಗುಳಿಗೆ ಹೆಚ್ಚಿಗೆ ಇಟ್ಟುಕೊಳ್ರಿ, ಜೊತೆಗೆ ಬ್ರ್ಯಾಂಡ್ ಹೆಸರಲ್ಲದೆ ಔಷಧದ ಮೂಲ ಹೆಸರು ಬರೆದ ಚೀಟಿ. ಫ್ಲೂ ಲಸಿಕೆ ಹೊರಡುವ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು. ಆದರೆ ಹೊಸ ತಳಿಗೆ ಹಳೆಯ ಲಸಿಕೆ ಅಷ್ಟಾಗಿ ಆಗಿಬರುವುದಿಲ್ಲ, 2009ರಲ್ಲಿ ಹಾಗೇ ಆಯಿತು. ಒಸೆಲ್ಟಾಮಿವಿರ್ ಅನ್ನುವ ಫ್ಲೂ ಔಷಧ ಜ್ವರ ಬಂದ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಕೆಲಸ ಮಾಡುತ್ತದೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಏಜೆಂಟ್ ರೀಫಂಡ್ ಕೊಡದೆ ಸತಾಯಿಸಿದರೆ ಮೊದಲು 1915 ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ 2019ರ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದ ಗಡುವು ಇದೆ. ‘ಮುಂದಿನ ಸೀಸನ್‌ಗೆ ಅಡ್ಜಸ್ಟ್ ಮಾಡ್ತೀವಿ’ ಅಂತ ಏಜೆಂಟ್ ದಿನ ದೂಡುತ್ತ ಹೋದರೆ ಆ ಗಡುವೇ ಮುಗಿದುಹೋಗುತ್ತದೆ.